ಪಹಣಿಯ ಒಳಕಟ್ಟು: ‘ಭೂಮಿ’ ಯೋಜನೆಯ ಒಂದು ವಿಮರ್ಶೆ

ದತ್ತಾಂಶ ರಚನೆಯೆಂದರೆ ಮಾಹಿತಿಯನ್ನು ಗಣಕದಲ್ಲಿ ಯಾವ ಕ್ರಮದಲ್ಲಿ, ಯಾವ ಸಂಬಂಧಗಳೊಡನೆ ಇರಿಸಬೇಕೆಂಬ ವಿನ್ಯಾಸ. ತಪ್ಪು ನಮೂದನ್ನು ಒಳಗೆ ಬಿಟ್ಟುಕೊಳ್ಳದಿರುವುದೇ ಅದರ ವಿಶ್ವಾಸಾರ್ಹತೆಯ ಮೊದಲ ಲಕ್ಷಣ. ಸುಮಾರು 2 ಕೋಟಿ ಪಹಣಿಗಳನ್ನು, ಎಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆಗಳನ್ನು, ಗಣಕಕ್ಕೆ ಏರಿಸಿ, 2000ದ ದಶಕದ ಆರಂಭದಲ್ಲಿ ಕರ್ನಾಟಕದ ತಾಲ್ಲೂಕು ಕಚೇರಿಗಳಲ್ಲಿ ಬಳಕೆಗೆ ಬಂದ ‘ಭೂಮಿ’ ಯೋಜನೆಯನ್ನು ಈ ಮಾನದಂಡದಿಂದಲೇ ಪರೀಕ್ಷಿಸಬೇಕು.

ಸೊರಬದ ಹೊಸಬಾಳೆಯಾಗಲಿ ಶಿಕಾರಿಪುರದ ಯಾವುದೇ ಹಳ್ಳಿಯಾಗಲಿ, ಹಿಂದೆ ಪಹಣಿ ಪುಸ್ತಕ ಗ್ರಾಮ ಲೆಕ್ಕಿಗರ ವಶದಲ್ಲಿರುತ್ತಿತ್ತು; ಯಾರ ಅರ್ಜಿ ಮೊದಲು, ಯಾವ ತಿದ್ದುಪಡಿ ಯಾರದು ಎಂಬುದನ್ನು ಹೊರಗಿನವರು ಪರಿಶೀಲಿಸುವುದು ಕಷ್ಟವಾಗಿತ್ತು. ‘ಭೂಮಿ’ಯಲ್ಲಿ ಹಕ್ಕು ಬದಲಾವಣೆಯ ಅರ್ಜಿಗಳು ಸರತಿಯಲ್ಲಿ ನಿಲ್ಲುತ್ತವೆ, ಅಂದರೆ ಮೊದಲು ಬಂದದ್ದು ಮೊದಲು ವಿಲೇವಾರಿಯಾಗುತ್ತದೆ; ಬೆರಳಚ್ಚು ಒತ್ತಿ ಒಳಬಂದ ಸಿಬ್ಬಂದಿಯ ಗುರುತು ಅವರು ಮಾಡಿದ ನಮೂದಿನೊಡನೆ ಉಳಿಯುತ್ತದೆ. ನಿಯಮವನ್ನು ಸುತ್ತೋಲೆಗೆ ಬಿಡದೆ ರಚನೆಯೊಳಗೇ ಹೆಣೆದ ಈ ನಿರ್ಧಾರ ನಿಜಕ್ಕೂ ಶ್ಲಾಘನೀಯ.

ವಿಸ್ತೀರ್ಣದ ವಿಷಯದಲ್ಲಿ ಇಷ್ಟು ಮೆಚ್ಚುಗೆ ಸಲ್ಲದು. ಒಂದು ಸರ್ವೆ ನಂಬರಿನ ಒಟ್ಟು ಎಕರೆ-ಗುಂಟೆಗಳಿಂದ ಖರಾಬನ್ನು, ಎಂದರೆ ಸಾಗುವಳಿಗೆ ಬಾರದ ನೆಲವನ್ನು, ಕಳೆದರೆ ಉಳಿಯುವುದು ಹಿಡುವಳಿದಾರರ ಪಾಲುಗಳ ಮೊತ್ತಕ್ಕೆ ಸದಾ ಸಮನಾಗಿರಬೇಕು. ಆದರೆ ಮೂಲ ಅಂಕಿಗಳು ಬಂದದ್ದು ಕೈಬರಹದ ಪುಸ್ತಕಗಳಿಂದ. ಅವು ಭೂಮಾಪನ ಇಲಾಖೆಯ ವಿಸ್ತೀರ್ಣ ದಾಖಲೆಯಾದ ಆಕಾರಬಂದ್‌ಗೆ ತಾಳೆಯಾಗದ ಕಡೆಗಳಲ್ಲಿ ಹಳೆಯ ತಪ್ಪಿಗೆ ಮುದ್ರಿತ ಅಕ್ಷರದ ಅಧಿಕೃತತೆ ಬಂತು, ತಿದ್ದುಪಡಿಗಾಗಿ ಅಲೆಯುವ ಹೊರೆ ರೈತನ ಹೆಗಲೇರಿತು. ತೀರಿಹೋದ ಖಾತೆದಾರರ ಹೆಸರು ಪೌತಿ ಖಾತೆಯಾಗಿ ಜಮೀನು ವಾರಸುದಾರರ ಹೆಸರಿಗೆ ಬರುವವರೆಗೂ ಹಾಗೆಯೇ ಉಳಿಯುವುದು ಇದೇ ಜಾತಿಯ ದೋಷ.

ಮಲೆನಾಡಿನ ಸೊಪ್ಪಿನಬೆಟ್ಟ ಇನ್ನೂ ಆಳವಾದ ಕೊರತೆಯನ್ನು ತೋರಿಸುತ್ತದೆ. ಅಡಿಕೆ ತೋಟಕ್ಕೆ ಗೊಬ್ಬರದ ಸೊಪ್ಪು ತರಲು ಬಿಟ್ಟುಕೊಟ್ಟ ಈ ಬೆಟ್ಟದ ನೆಲ ಸರ್ಕಾರದ್ದು, ಬಳಕೆಯ ಸವಲತ್ತು ತೋಟದ್ದು; ತೋಟ ಕೈಬದಲಾದರೆ ಸವಲತ್ತೂ ಅದರ ಹಿಂದೆ ಹೋಗಬೇಕು. ಒಂದು ನೆಲವನ್ನು ಇನ್ನೊಂದು ನೆಲಕ್ಕೆ ಕಟ್ಟುವ ಇಂಥ ಸಂಬಂಧಕ್ಕೆ ಪಹಣಿಯ ನಮೂನೆಯಲ್ಲಿ ಪ್ರತ್ಯೇಕ ಕಲಂ ಇಲ್ಲ, ಏಕೆಂದರೆ ಆ ನಮೂನೆ ರೂಪುಗೊಂಡದ್ದೇ ಸರ್ವೆ ನಂಬರು ಮತ್ತು ಖಾತೆದಾರನ ಸುತ್ತ. ಕಾಗದದ ನಮೂನೆಯನ್ನೇ ಗಣಕದ ರಚನೆಯಾಗಿ ಒಪ್ಪಿಕೊಂಡದ್ದು ‘ಭೂಮಿ’ಯ ದೊಡ್ಡ ದೌರ್ಬಲ್ಯ.

ಹೊಸ ಸೇವೆಗಳನ್ನು ಸೇರಿಸುವ ಮೊದಲು ಪ್ರತಿ ಸರ್ವೆ ನಂಬರನ್ನೂ ಆಕಾರಬಂದ್‌ನೊಡನೆ ತಾಳೆ ನೋಡುವ, ಬೆಟ್ಟವನ್ನು ಅದರ ತೋಟಕ್ಕೆ ದಾಖಲೆಯಲ್ಲೇ ಜೋಡಿಸುವ ಕೆಲಸವನ್ನು ಕಂದಾಯ ಇಲಾಖೆ ಕೈಗೆತ್ತಿಕೊಳ್ಳಬೇಕು.