ಪೈಲಟ್‌ಗಳ ಎಚ್ಚರ, ಪೈಲಟ್‌ಗಳ ನಿದ್ದೆ

ಹಿಂದೂಪುರ, ಕಲ್ಯಾಣದುರ್ಗದ ಕಡೆಯ ನಮಗೆ ವಿಮಾನ ಹತ್ತುವುದೆಂದರೆ ಹೆಚ್ಚಾಗಿ ದೇವನಹಳ್ಳಿಗೆ ಹೋಗುವುದು. 2008ರಲ್ಲಿ ಅಲ್ಲಿ ನಿಲ್ದಾಣ ಶುರುವಾದ ಮೇಲೆ ರಾಜ್ಯದ ಗಡಿಯಾಚೆಯ ನಮ್ಮ ಊರುಗಳಿಗೂ ಆಕಾಶ ಹತ್ತಿರವಾಯಿತು.

2021ರ ಜನವರಿ 11ರ ನಸುಕಿನಲ್ಲಿ ಅಲ್ಲಿ ಬಂದಿಳಿದ ಏರ್ ಇಂಡಿಯಾ ವಿಮಾನವನ್ನು ನೆನೆದರೆ ಈಗಲೂ ಹೆಮ್ಮೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು, ಸುಮಾರು 16,000 ಕಿ.ಮೀ. ಎಲ್ಲೂ ಇಳಿಯದೆ ಬಂದದ್ದು. ಹಾರಿಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಇನ್ನೂ ಮೂವರು ಮಹಿಳೆಯರು. ನಾಲ್ವರೇಕೆ? ಇಬ್ಬರು ಹಾರಿಸುವಾಗ ಸರದಿಯ ಮೇಲೆ ಉಳಿದವರು ಮಲಗಬೇಕು. ಅಲ್ಲಿ ನಿದ್ದೆಯೂ ಡ್ಯೂಟಿಯ ಭಾಗ.

ಇಳಿಯುವ ಹೊತ್ತಿನ ಶಿಸ್ತು ನೋಡಿ: ಹತ್ತು ಸಾವಿರ ಅಡಿಗಿಂತ ಕೆಳಗೆ ಹರಟೆಯಿಲ್ಲ. ಒಬ್ಬರು ಚೆಕ್‌ಲಿಸ್ಟ್ ಓದುತ್ತಾರೆ. ಇನ್ನೊಬ್ಬರು ಕಣ್ಣಾರೆ ನೋಡಿಯೇ ಉತ್ತರ ಕೊಡುತ್ತಾರೆ. ಸಾವಿರ ಸಲ ಮಾಡಿದ್ದನ್ನೂ ಮೊದಲ ಸಲದಷ್ಟೇ ಎಚ್ಚರದಿಂದ ಮಾಡುವುದರಲ್ಲಿ ಈ ಕಸುಬಿನ ಸೊಗಸಿದೆ, ತೃಪ್ತಿಯೂ ಇದೆ.

ಅದಕ್ಕೆ ಪೈಲಟ್‌ಗಳು ತೆರುವ ಬೆಲೆ ದೊಡ್ಡದು: ಹಬ್ಬಕ್ಕೆ ಮನೆಯಲ್ಲಿರುವುದಿಲ್ಲ, ಹಗಲು ರಾತ್ರಿಗಳು ಅದಲುಬದಲಾಗುತ್ತವೆ. 2025ರ ಜುಲೈಯಿಂದ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿದ ನಿಯಮ ಅವರಿಗೆ ಸಲ್ಲಬೇಕಾದದ್ದೇ. ಅವರು ಚೆನ್ನಾಗಿ ನಿದ್ದೆ ಮಾಡಿದರೆ ನಾವು ಕ್ಷೇಮವಾಗಿ ಊರು ಸೇರುತ್ತೇವೆ.