ಗೋವಿನ ಹಾಡು: ತಬ್ಬಲಿ ಕರುವಿನ ಪ್ರಶ್ನೆ

‘ಗೋವಿನ ಹಾಡು’ ಸತ್ಯನಿಷ್ಠೆಯ ಕಥನವೆಂದೇ ಹೆಚ್ಚಾಗಿ ಓದಿಸಿಕೊಂಡಿದೆ. ಈ ಓದಿನಲ್ಲಿ ಪುಣ್ಯಕೋಟಿ ಹಾಲೂಡುವ ತಾಯಿಯೆಂಬುದು ಬರಿಯ ಹಿನ್ನೆಲೆಯಾಗಿಬಿಡುತ್ತದೆ. ಈದ ಹಸು ಕರುವಿನ ಮೈ ನೆಕ್ಕುತ್ತ ಮೊದಲ ಕೆಲವು ಗಂಟೆಗಳಲ್ಲೇ ಅದರ ವಾಸನೆಯನ್ನು ಗುರುತಿಸಿಕೊಳ್ಳುತ್ತದೆ. ಬಳಿಕ ಕೆಚ್ಚಲಿಗೆ ಬಾಯಿಡಲು ಬರುವ ಪರರ ಕರುವನ್ನು ಸಾಮಾನ್ಯವಾಗಿ ಹಾಯುತ್ತದೆ, ಒದೆಯುತ್ತದೆ. ತನ್ನ ಕರುವಿಗೆ ಹಾಗೆ ಮಾಡಬಾರದೆಂದೇ ಪುಣ್ಯಕೋಟಿ ದೊಡ್ಡಿಯ ಹಸುಗಳನ್ನು ಬೇಡಿಕೊಳ್ಳುತ್ತದೆ. ದನ ಸಾಕಿ ಬಲ್ಲವರಿಗೆ ಇದು ಉಪಚಾರದ ಮಾತಲ್ಲ. ಹುಟ್ಟುಗುಣವನ್ನೇ ಮೀರಿರೆಂಬ ಮೊರೆ. ಹುಲಿಗೆ ಕೊಟ್ಟ ಭಾಷೆಯನ್ನು ನಡೆಸಲು ತನ್ನೊಬ್ಬಳ ದೃಢತೆ ಸಾಕು. ಕರು ಬದುಕಬೇಕಾದರೆ ಇತರರ ಕೆಚ್ಚಲು ಒಲಿಯಬೇಕು. ಹಾಡಿನ ನಿಜವಾದ ಇಕ್ಕಟ್ಟು ಇಲ್ಲಿದೆ, ಬೆಟ್ಟದ ಗವಿಯಲ್ಲಲ್ಲ. ಕಡೆಗೆ ಹುಲಿಯೇ ಪ್ರಾಣ ಬಿಡುವುದರಿಂದ ಆ ಮೊರೆ ಪರೀಕ್ಷೆಗೊಳಗಾಗದೆಯೇ ಉಳಿಯುತ್ತದೆ.