ಪ್ರಾರ್ಥನೆಯ ‘ನೀನು’: ಆಧುನಿಕ ಯೆಹೂದಿ ಚಿಂತನೆಯ ಎರಡು ದರ್ಶನಗಳು

ದೇವರು ಎಂತಹವನು ಎಂಬುದು ಒಂದು ಪ್ರಶ್ನೆ. ಆ ದೇವರನ್ನು ನಂಬಿದ ಜನರು ಯಾರು ಎಂಬುದು ಮತ್ತೊಂದು. ಸಾಮಾನ್ಯವಾಗಿ ಮತಶಾಸ್ತ್ರಗಳು ಮೊದಲನೆಯದಕ್ಕೆ ಉತ್ತರವನ್ನು ಹೇಳಿ, ಅದರಿಂದಲೇ ಎರಡನೆಯದನ್ನು ನಿಗಮಿಸಿಕೊಳ್ಳುತ್ತವೆ. ಯೆಹೂದಿಗಳ ವಿಷಯದಲ್ಲಿ ಈ ಕ್ರಮ ನಿಲ್ಲುವುದಿಲ್ಲ. ತಾಯಿ ಯೆಹೂದಿಯಾಗಿದ್ದರೆ ಮಗುವೂ ಯೆಹೂದಿ. ಅನ್ಯರು ವಿಧಿಪೂರ್ವಕವಾಗಿ ಆ ಧರ್ಮವನ್ನು ಸ್ವೀಕರಿಸಿದರೆ ಅವರೂ ಯೆಹೂದಿಗಳೇ. ಇದು ಅವರ ಪರಂಪರಾಗತ ಧರ್ಮಶಾಸ್ತ್ರದ ನಿರ್ಣಯ. ಹಾಗೆ ಹುಟ್ಟಿದವನು ದೇವರನ್ನು ಒಪ್ಪಲಿ, ಬಿಡಲಿ, ಅವನ ಯೆಹೂದಿತನಕ್ಕೆ ಅದರಿಂದ ಚ್ಯುತಿಯಿಲ್ಲ.

ಈ ತೊಡಕು ಎಷ್ಟು ಆಳವಾದುದೆಂಬುದಕ್ಕೆ 1962ರಲ್ಲಿ ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಒಂದು ಮೊಕದ್ದಮೆಯೇ ಸಾಕ್ಷಿ. ಪೋಲೆಂಡಿನಲ್ಲಿ ಯೆಹೂದಿಯಾಗಿ ಹುಟ್ಟಿದ ಓಸ್ವಾಲ್ಡ್ ರುಫೈಸೆನ್ ಎಂಬವರು ನಾಜಿಗಳ ಕಾಲದಲ್ಲಿ ತಮ್ಮ ಹುಟ್ಟನ್ನು ಮರೆಮಾಚಿ ಪೊಲೀಸರ ಬಳಿ ದುಭಾಷಿಯಾಗಿದ್ದರು. ಅಲ್ಲಿ ತಿಳಿದ ಸುದ್ದಿಯನ್ನು ಮೀರ್ ಎಂಬ ಊರಿನ ಯೆಹೂದಿಗಳಿಗೆ ಮುಟ್ಟಿಸಿ, 1942ರಲ್ಲಿ ನೂರಾರು ಜನ ತಪ್ಪಿಸಿಕೊಳ್ಳಲು ಕಾರಣರಾದರು. ಬಳಿಕ ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿ ಅಡಗಿದ್ದಾಗ ಕ್ರೈಸ್ತಮತವನ್ನು ಸ್ವೀಕರಿಸಿ, ಮುಂದೆ ಡೇನಿಯಲ್ ಎಂಬ ಹೆಸರಿನಿಂದ ಸನ್ಯಾಸಿಯಾದರು. ಯೆಹೂದಿಗಳೆಲ್ಲರಿಗೂ ಇಸ್ರೇಲಿಗೆ ಬಂದು ನೆಲೆಸುವ ಹಕ್ಕನ್ನು ಕೊಟ್ಟ 1950ರ ಶಾಸನದ ಮೇರೆಗೆ ತಮಗೂ ಆ ಹಕ್ಕುಂಟೆಂದು ಅವರು ವಾದಿಸಿದರು. ಪರಂಪರೆಯ ಧರ್ಮಶಾಸ್ತ್ರದ ದೃಷ್ಟಿಯಿಂದ ಅವರು ಯೆಹೂದಿಯೇ ಆಗಿರಬಹುದು, ಆದರೆ ಶಾಸನವು ಸಾಮಾನ್ಯ ಜನರ ಅರ್ಥದಲ್ಲಿ ಬಳಸಿದ ‘ಯೆಹೂದಿ’ ಎಂಬ ಶಬ್ದವು ಕ್ರೈಸ್ತ ಸನ್ಯಾಸಿಗೆ ಅನ್ವಯಿಸದೆಂದು ನ್ಯಾಯಾಲಯವು ಬಹುಮತದಿಂದ ತೀರ್ಪಿತ್ತಿತು. ದೇವರನ್ನೇ ಒಪ್ಪದ ಯೆಹೂದಿಗೆ ತೆರೆದಿದ್ದ ಬಾಗಿಲು, ದೇವರಿಗಾಗಿ ಬಾಳನ್ನೇ ಮುಡಿಪಿಟ್ಟವರಿಗೆ ಮುಚ್ಚಿತು. ಅವರು ಬೇರೆ ಮಾರ್ಗದಿಂದ ಆ ದೇಶದ ಪ್ರಜೆಯಾಗಿ 1998ರಲ್ಲಿ ಅಲ್ಲಿಯೇ ತೀರಿಕೊಂಡರು. ಹಾಗಾದರೆ ಯೆಹೂದಿತನದಲ್ಲಿ ದೇವರಿಗೆ ಇರುವ ಸ್ಥಾನವಾದರೂ ಯಾವುದು?

ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದಲ್ಲಿ ದೊರೆತ ಉತ್ತರಗಳಲ್ಲಿ ಎರಡು ವಿಶೇಷವಾಗಿ ವಿಚಾರಾರ್ಹವಾಗಿವೆ. ಒಂದು ಮೊರ್ಡೆಕಾಯ್ ಕಪ್ಲಾನರದು (1881–1983). ಮತ್ತೊಂದು ಅಬ್ರಹಾಂ ಜೋಷುವಾ ಹೆಷೆಲರದು (1907–1972). ಇಬ್ಬರೂ ಪೂರ್ವ ಯೂರೋಪಿನಲ್ಲಿ ಜನಿಸಿದವರು. ಇಬ್ಬರೂ ಅಮೆರಿಕೆಗೆ ಬಂದು ನೆಲೆಸಿದವರು. ನ್ಯೂಯಾರ್ಕಿನ ಒಂದೇ ಯೆಹೂದಿ ಧರ್ಮವಿದ್ಯಾಪೀಠದಲ್ಲಿ ಹದಿನೈದು ವರ್ಷಗಳಿಗೂ ಮಿಕ್ಕಿ ಜೊತೆಯಾಗಿ ಪಾಠ ಹೇಳಿದವರು. ಒಂದೇ ಸೂರಿನಡಿ ಇದ್ದೂ ಇವರು ಕಂಡ ದೇವರು ಬೇರೆ ಬೇರೆ.

ಕಪ್ಲಾನರ ಪ್ರಧಾನ ಗ್ರಂಥವು 1934ರಲ್ಲಿ ಪ್ರಕಟವಾಯಿತು. ಯೆಹೂದಿ ಧರ್ಮವು ಕೇವಲ ಮತವಲ್ಲ, ಅದೊಂದು ನಾಗರಿಕತೆ ಎಂಬುದು ಅದರ ಶೀರ್ಷಿಕೆಯಲ್ಲಿಯೇ ಅಡಗಿರುವ ಸಿದ್ಧಾಂತ. ನಾಡು, ನುಡಿ, ಕಲೆ, ಆಚಾರ, ಹಬ್ಬ ಹರಿದಿನಗಳು, ಸ್ಮೃತಿಗಳು ಎಲ್ಲವೂ ಸೇರಿ ಆದ ಜೀವಂತ ಜನಜೀವನವೇ ಮೂಲ. ಮತವು ಅದರ ಹೂವು. ಆದ್ದರಿಂದ ಜನರಿಗಾಗಿ ಧರ್ಮವೇ ಹೊರತು ಧರ್ಮಕ್ಕಾಗಿ ಜನರಲ್ಲ. 1937ರ ಗ್ರಂಥದಲ್ಲಿ ಅವರು ದೇವರ ಸ್ವರೂಪವನ್ನು ವಿವರಿಸುತ್ತಾರೆ. ಆಕಾಶದಿಂದ ಇಳಿದು ಬಂದು ಆಜ್ಞೆಗಳನ್ನು ವಿಧಿಸುವ, ಪವಾಡಗಳನ್ನು ನಡೆಸುವ ವ್ಯಕ್ತಿರೂಪಿ ದೇವರನ್ನು ಆಧುನಿಕ ಮಾನವನು ಒಪ್ಪಲಾರನು. ಮನುಷ್ಯನು ಪೂರ್ಣತೆಯನ್ನು ಸಾಧಿಸಿಕೊಳ್ಳುವಂತೆ ವಿಶ್ವದಲ್ಲಿ ಕೆಲಸ ಮಾಡುತ್ತಿರುವ ಶಕ್ತಿಯೇ ದೇವರು ಎಂಬುದು ಅವರ ಮತ.

ಈ ವಿಚಾರಗಳು ಪುಸ್ತಕದಲ್ಲಿಯೇ ಉಳಿಯಲಿಲ್ಲ. 1945ರಲ್ಲಿ ಕಪ್ಲಾನರು ತಮ್ಮ ಸಂಗಡಿಗರೊಡನೆ ಹೊರತಂದ ಸಬ್ಬತ್ ದಿನದ ಪ್ರಾರ್ಥನಾ ಪುಸ್ತಕದಲ್ಲಿ, ಸಕಲ ಜನಾಂಗಗಳ ನಡುವೆ ಯೆಹೂದಿಗಳನ್ನೇ ದೇವರು ಆರಿಸಿಕೊಂಡನೆಂಬ ಭಾವದ ಮಾತುಗಳನ್ನು ತೆಗೆದುಹಾಕಿದರು. ಅದೇ ವರ್ಷ ಜೂನ್ ತಿಂಗಳಲ್ಲಿ ಕಟ್ಟಾ ಸಂಪ್ರದಾಯದ ರಬ್ಬಿಗಳ ಒಂದು ಸಂಘವು ನ್ಯೂಯಾರ್ಕಿನಲ್ಲಿ ಸಭೆ ಸೇರಿ ಕಪ್ಲಾನರಿಗೆ ಬಹಿಷ್ಕಾರವನ್ನು ಘೋಷಿಸಿತು. ಅಲ್ಲಿ ಆ ಪುಸ್ತಕವನ್ನು ಸುಡಲಾಯಿತು. ಯೂರೋಪಿನಲ್ಲಿ ಯುದ್ಧ ಮುಗಿದು ಒಂದು ತಿಂಗಳಷ್ಟೇ ಕಳೆದಿತ್ತು. ಯೆಹೂದಿಗಳ ಗ್ರಂಥಗಳನ್ನು ನಾಜಿಗಳು ಸುಟ್ಟ ನೆನಪು ಆರುವ ಮೊದಲೇ ಯೆಹೂದಿಗಳ ಕೈಯಿಂದ ಯೆಹೂದಿ ಪ್ರಾರ್ಥನೆಯ ಪುಸ್ತಕವೊಂದು ಬೆಂಕಿಗೆ ಬಿದ್ದಿತು. ಒಂದು ವಾಕ್ಯದ ಮಾರ್ಪಾಟು ಇಷ್ಟು ಕ್ರೋಧವನ್ನು ಕೆರಳಿಸಿದುದೇಕೆ? ಆ ವಾಕ್ಯದಲ್ಲಿ ದೇವರ ಸ್ವರೂಪವೂ ಜನರ ಸ್ವರೂಪವೂ ಒಂದೇ ಗಂಟಿನಲ್ಲಿ ಬಿಗಿದುಕೊಂಡಿದ್ದವು. ಆರಿಸಬಲ್ಲ ದೇವರಿಲ್ಲದಿದ್ದರೆ ಆರಿಸಲ್ಪಟ್ಟ ಜನರೂ ಇಲ್ಲ.

ಕಪ್ಲಾನರ ಸಿದ್ಧಾಂತದ ಬಲವೂ ದೌರ್ಬಲ್ಯವೂ ಈ ಪ್ರಾರ್ಥನಾ ಪುಸ್ತಕದಲ್ಲಿಯೇ ಪ್ರಕಟವಾಗುತ್ತವೆ. ತಾವು ನಂಬದ ಮಾತನ್ನು ನಾಲಗೆಯಿಂದ ಆಡಬಾರದೆಂಬ ಅವರ ಸತ್ಯನಿಷ್ಠೆ ಸರ್ವಥಾ ಗೌರವಾರ್ಹವಾದುದು. ಆದರೆ ಆರಿಸಿಕೊಂಡನೆಂಬ ಮಾತಿನ ಬದಲಿಗೆ ಅವರು ಇಟ್ಟುದು, ದೇವರು ತನ್ನ ಸೇವೆಗೆ ಈ ಜನರನ್ನು ಹತ್ತಿರಕ್ಕೆ ತಂದನೆಂಬ ಅರ್ಥದ ಮಾತನ್ನು. ಹತ್ತಿರಕ್ಕೆ ತರುವುದೂ ಒಂದು ಕ್ರಿಯೆಯೇ; ಕ್ರಿಯೆಗೆ ಕರ್ತೃ ಬೇಕು; ಕರ್ತೃವಿಗೆ ಇಚ್ಛೆ ಬೇಕು. ವ್ಯಕ್ತಿಯಲ್ಲದ ಶಕ್ತಿಗೆ ಇಚ್ಛೆಯೆಲ್ಲಿಯದು? ಹೀಬ್ರೂ ಪ್ರಾರ್ಥನೆಗಳಲ್ಲಿ ದೇವರನ್ನು ‘ನೀನು’ ಎಂದು ಸಂಬೋಧಿಸುವುದು ವಾಡಿಕೆ. ಕಪ್ಲಾನರೂ ಅದನ್ನು ಉಳಿಸಿಕೊಂಡರು. ಸಿದ್ಧಾಂತವು ಪ್ರಥಮ ಪುರುಷದಲ್ಲಿ ಮಾತನಾಡಿದರೆ, ಪ್ರಾರ್ಥನೆಯು ಮಧ್ಯಮ ಪುರುಷವನ್ನು ಬಿಟ್ಟುಕೊಡಲಿಲ್ಲ. ಪೂಜೆಯ ಭಾಷೆ ಕಾವ್ಯದ ಭಾಷೆ, ಅದನ್ನು ವಾಚ್ಯಾರ್ಥದಲ್ಲಿ ಗ್ರಹಿಸಬಾರದು ಎಂಬುದು ಅವರ ಪರವಾಗಿ ಹೇಳಬಹುದಾದ ಸಮಾಧಾನ. ಅದು ಯುಕ್ತವೇ. ಆದರೆ ಎಲ್ಲವೂ ಕಾವ್ಯವೆಂದಾದರೆ, ಆರಿಸಿಕೊಂಡನೆಂಬ ಮಾತನ್ನೂ ಕಾವ್ಯವೆಂದು ಉಳಿಸಿಕೊಳ್ಳಬಹುದಾಗಿತ್ತಷ್ಟೆ! ಒಂದನ್ನು ವಾಚ್ಯವೆಂದು ತೆಗೆದು, ಮತ್ತೊಂದನ್ನು ರೂಪಕವೆಂದು ಇಟ್ಟುಕೊಂಡುದಕ್ಕೆ ಸಮರ್ಪಕವಾದ ಕಾರಣ ಅವರ ಸಿದ್ಧಾಂತದಲ್ಲಿ ಸಿಗದು.

ಹೆಷೆಲರ ಮಾರ್ಗ ಇದಕ್ಕೆ ವಿರುದ್ಧ ದಿಕ್ಕಿನಿಂದ ಹೊರಡುತ್ತದೆ. ವಾರ್ಸಾದ ಹಸಿದೀ ಭಕ್ತಗುರುಗಳ ವಂಶದಲ್ಲಿ ಜನಿಸಿದ ಅವರನ್ನು 1938ರಲ್ಲಿ ನಾಜಿಗಳು ಜರ್ಮನಿಯಿಂದ ಹೊರದೂಡಿದರು. ಮರುವರ್ಷ ಯುದ್ಧಕ್ಕೆ ಕೆಲವೇ ವಾರಗಳ ಮುನ್ನ ಅವರು ಪೋಲೆಂಡನ್ನು ಬಿಟ್ಟರು. ಹಿಂದುಳಿದ ತಾಯಿಯೂ ಮೂವರು ಸೋದರಿಯರೂ ಬದುಕಿ ಬರಲಿಲ್ಲ. ಇಂತಹ ಬೆಂಕಿಯನ್ನು ದಾಟಿ ಬಂದವರು 1955ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರು ಮಾನವನನ್ನು ಅರಸುವ ದೇವರು ಎಂಬ ಅರ್ಥದ್ದು. ಮನುಷ್ಯನು ದೇವರನ್ನು ಹುಡುಕುವುದಕ್ಕೆ ಮೊದಲೇ ದೇವರು ಮನುಷ್ಯನನ್ನು ಹುಡುಕುತ್ತಿದ್ದಾನೆ ಎಂಬುದು ಅದರ ಸಾರ. ಪ್ರವಾದಿಗಳನ್ನು ಕುರಿತ 1962ರ ಗ್ರಂಥದಲ್ಲಿ ಈ ವಿಚಾರ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿಯ ದೇವರು ನಿರ್ವಿಕಾರನಾದ ತತ್ತ್ವವಲ್ಲ. ದೀನರಿಗೆ ಅನ್ಯಾಯವಾದರೆ ನೋಯುವವನು, ಕೆರಳುವವನು, ಕರುಣೆಯಿಂದ ಕರಗುವವನು. ಪ್ರವಾದಿಯೆಂದರೆ ಆ ನೋವನ್ನು ತನ್ನ ಎದೆಯಲ್ಲಿ ಹೊತ್ತವನು. ದೇವರ ಈ ಕರೆಗೆ ಓಗೊಡುವ ಜನವೇ ಇಸ್ರೇಲ್ ಜನ. ಜನರಿಂದ ದೇವರ ಕಡೆಗೆ ಕಪ್ಲಾನರ ನಡೆ; ದೇವರಿಂದ ಜನರ ಕಡೆಗೆ ಹೆಷೆಲರದು. ಪ್ರಾರ್ಥನೆಯನ್ನು ಬರಿಯ ಸಾಮಾಜಿಕ ಕ್ರಿಯೆಯೆಂದು ಬಗೆಯುವ ಮತವನ್ನು ಅವರು 1954ರಲ್ಲಿಯೇ ತೀವ್ರವಾಗಿ ಖಂಡಿಸಿದ್ದರು.

ಹೆಷೆಲರಲ್ಲಿ ಪ್ರಾರ್ಥನೆಯ ‘ನೀನು’ ನಿಜವಾದ ‘ನೀನು’. ಆದರೆ ಅವರ ಬರವಣಿಗೆಯ ಮೇಲೂ ಆಕ್ಷೇಪವಿಲ್ಲದಿಲ್ಲ. ಉಪಮೆಯ ಮೇಲೆ ಉಪಮೆ ಬಂದು ತರ್ಕದ ಜಾಗವನ್ನು ತಾನೇ ಆಕ್ರಮಿಸಿಕೊಳ್ಳುತ್ತದೆ. ಅನುಭಾವದ ಸೋಂಕು ತಗುಲಿದ ಓದುಗನಿಗೆ ಅದು ಅಮೃತ. ತಗುಲದವನಿಗೆ ಬಾಗಿಲು ಎಲ್ಲಿದೆಯೆಂಬುದೇ ತಿಳಿಯದು. ಇದಕ್ಕಿಂತಲೂ ಗುರುತರವಾದ ಪ್ರಶ್ನೆಯೊಂದಿದೆ: ಅರಸುವ ದೇವರು ಆಷ್ವಿಟ್ಸ್ ಶಿಬಿರದಲ್ಲಿ ಯಾರನ್ನು ಅರಸುತ್ತಿದ್ದನು? ಅದೇ ವಿದ್ಯಾಪೀಠದಲ್ಲಿ ಕಲಿತ ರಿಚರ್ಡ್ ರೂಬೆನ್‌ಸ್ಟೈನರು 1966ರ ತಮ್ಮ ಗ್ರಂಥದಲ್ಲಿ ಈ ಪ್ರಶ್ನೆಯನ್ನು ನಿರ್ದಾಕ್ಷಿಣ್ಯವಾಗಿ ಎತ್ತಿದರು. ಚರಿತ್ರೆಯನ್ನು ನಡೆಸುವ ದೇವರನ್ನು ನಂಬಿದರೆ ಆ ಮಾರಣಹೋಮವೂ ಅವನ ಇಚ್ಛೆಯೆಂದು ಒಪ್ಪಬೇಕಾಗುತ್ತದೆ; ಅದನ್ನು ಒಪ್ಪಲಾಗದು; ಆದಕಾರಣ ಆ ದೇವರನ್ನೇ ಕೈಬಿಡಬೇಕು ಎಂಬುದು ಅವರ ವಾದ. ಹಾಗೆ ಕೈಬಿಟ್ಟ ಮೇಲೂ ಅವರು ಸಮುದಾಯವನ್ನೂ ಅದರ ಆಚರಣೆಗಳನ್ನೂ ಬಿಡಲಿಲ್ಲ. ದೇವರಿಲ್ಲದ ಲೋಕದಲ್ಲಿ ಅವುಗಳ ಅಗತ್ಯ ಇನ್ನೂ ಹೆಚ್ಚೆಂದು ಸಾರಿದರು. ಹೆಷೆಲರ ದೇವರು ಸರ್ವವನ್ನೂ ಆಳುವ ನಿರಂಕುಶನಲ್ಲ, ಮನುಷ್ಯನ ಸಹಾಯವನ್ನು ಬೇಡುವವನು ಎಂಬುದರಲ್ಲಿ ಈ ಆಕ್ಷೇಪಕ್ಕೆ ಅರ್ಧ ಉತ್ತರವಿದೆ. ಉಳಿದರ್ಧ ಉತ್ತರ ಯಾವ ಗ್ರಂಥದಲ್ಲಿಯೂ ಇಲ್ಲ.

ಗಮನಿಸಬೇಕಾದ ಸಂಗತಿಯೆಂದರೆ, ಇಬ್ಬರ ಬಾಳೂ ಅವರವರ ಸಿದ್ಧಾಂತದ ಗಡಿಯನ್ನು ಮೀರಿದುದು. ಅಲೌಕಿಕ ದೇವರನ್ನು ಅಲ್ಲಗಳೆದ ಕಪ್ಲಾನರು ಪ್ರಾರ್ಥನೆಯನ್ನು ಬಿಡಲಿಲ್ಲ. ಹೆಣ್ಣುಮಗಳು ಸಭೆಯ ನಡುವೆ ನಿಂತು ತೋರಾ ಪಾಠವನ್ನು ಓದುವ ದೀಕ್ಷೋತ್ಸವವನ್ನು ಅಮೆರಿಕದಲ್ಲಿ 1922ರಲ್ಲಿ ಮೊದಲಾಗಿ ನೆರವೇರಿಸಿದವರೂ ಅವರೇ. ಆ ಹೆಣ್ಣುಮಗಳು ಅವರ ಮಗಳು. ದೇವರ ಪಾರಮ್ಯವನ್ನು ಸಾರಿದ ಹೆಷೆಲರು 1965ರಲ್ಲಿ ಕರಿಯರ ಮತದಾನದ ಹಕ್ಕಿಗಾಗಿ ಸೆಲ್ಮಾ ಎಂಬ ಊರಿನಲ್ಲಿ ಮಾರ್ಟಿನ್ ಲೂಥರ್ ಕಿಂಗರೊಡನೆ ಮೆರವಣಿಗೆಯಲ್ಲಿ ನಡೆದರು. 1967ರ ಯುದ್ಧದ ತರುವಾಯ ಇಸ್ರೇಲ್ ನಾಡನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. ಜನರನ್ನು ಹಿಡಿದವರು ದೇವರನ್ನು ಬಿಡಲಾಗಲಿಲ್ಲ. ದೇವರನ್ನು ಹಿಡಿದವರು ಜನರನ್ನು ಬಿಡಲಿಲ್ಲ.

ಇವರಿಬ್ಬರಲ್ಲಿ ಕಾಲವು ಯಾರ ಪಕ್ಷವನ್ನು ವಹಿಸಿತು? ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ 2020ರ ಸಮೀಕ್ಷೆಯಂತೆ ಅಲ್ಲಿಯ ವಯಸ್ಕ ಯೆಹೂದಿಗಳಲ್ಲಿ ಶೇಕಡ 27 ಮಂದಿ ತಮಗೆ ಮತವಿಲ್ಲವೆಂದು ಹೇಳಿಯೂ ಯೆಹೂದಿಗಳಾಗಿಯೇ ಉಳಿದಿದ್ದಾರೆ. ಬೈಬಲ್ ವರ್ಣಿಸುವ ದೇವರಲ್ಲಿ ನಂಬಿಕೆಯಿಟ್ಟವರು ಶೇಕಡ 26. ಬೇರಾವುದೋ ಆಧ್ಯಾತ್ಮಿಕ ಶಕ್ತಿಯನ್ನು ಒಪ್ಪುವವರು ಶೇಕಡ 50. ಎಣಿಕೆಯಿಂದ ಕಪ್ಲಾನರೇ ಗೆದ್ದಂತೆ ಕಾಣುತ್ತದೆ. ಆದರೆ ಎಣಿಕೆಯು ರೋಗನಿದಾನವನ್ನು ಸಮರ್ಥಿಸಬಲ್ಲದೇ ಹೊರತು ಔಷಧವನ್ನಲ್ಲ. ದೇವರಿಲ್ಲದೆಯೂ ಯೆಹೂದಿಯಾಗಿ ಬಾಳಬಹುದೆಂಬುದನ್ನು ಕಪ್ಲಾನರು ಸರಿಯಾಗಿಯೇ ಕಂಡರು. ಬಾಳಿ ಮಾಡಬೇಕಾದುದೇನು, ಯಾರ ಮುಂದೆ ಉತ್ತರ ಕೊಡಬೇಕು ಎಂಬುದನ್ನು ಹೆಷೆಲರು ಕೇಳಿದರು. ಸಮುದಾಯವು ಮನುಷ್ಯನಿಗೆ ಮನೆಯನ್ನು ಕೊಡಬಲ್ಲದು. ಆ ಮನೆಯ ಹೊರಗೆ ನಿಂತ ಪರಕೀಯನಿಗಾಗಿ ಬಾಗಿಲು ತೆರೆಯೆಂದು ಆಜ್ಞಾಪಿಸಬಲ್ಲುದು ಸಮುದಾಯಕ್ಕಿಂತ ಮಿಗಿಲಾದ ಒಂದು ದನಿ. ಸೆಲ್ಮಾದ ಬೀದಿಯಲ್ಲಿ ಹೆಷೆಲರನ್ನು ನಡೆಸಿದುದು ಆ ದನಿಯೆಂಬುದರಲ್ಲಿ ಸಂಶಯವಿಲ್ಲ. ಪ್ರಾರ್ಥನೆಯ ‘ನೀನು’ ಎಂಬ ಪದದಲ್ಲಿ ಅರ್ಥವಿದೆಯೇ ಇಲ್ಲವೇ ಎಂಬುದರ ಪರೀಕ್ಷೆ ನಡೆಯುವುದು ತರ್ಕದ ಅಂಗಳದಲ್ಲಿ ಮಾತ್ರವಲ್ಲ, ಪ್ರಾರ್ಥಿಸಿ ಎದ್ದವನು ಎದುರಿಗಿರುವ ಮನುಷ್ಯನನ್ನು ‘ನೀನು ಯಾರು’ ಎಂದು ಕೇಳುವ ಬಗೆಯಲ್ಲಿ.